ಕುತುಬುದ್ದೀನನ ಕಿವಿ

ಸಕಾರ ಸಿಡಿಯುತ್ತಿದೆ, ಸಂಸಾರ ಅನ್ನುವಾಗ ಎರಡು ಸಲ ಸಿಡಿಯಿತು, ಪ್ರವಚನ ಹೇಳುವ ಸ್ವಾಮಿಗಳು, ಅಪ್ಪಾರು, ನಿನ್ನೆಗಿಂತ ನಾಲ್ಕು ಬೆರಳು ಮುಂದಕ್ಕೆ ಬಾಗಿ ಕೂತಿದ್ದಾರೆ, ಬಾಯಿ ಮೈಕಿಗೆ ತೀರ ಹತ್ತಿರ — ಕುತುಬುದ್ದೀನ ಮಶೀನಿನ ಮೂರನೆಯ ಗುಂಡಿಯನ್ನು ಎಳ್ಳಿನಷ್ಟು ಹಿಂದಕ್ಕೆ ತಿರುಗಿಸಿದ, ಹಾಂ, ಈಗ ಸರಿಹೋಯಿತು, ಈಗ ಬೇವಿನ ಗಿಡದ ಮೇಲಿನ ಹಾರ್ನಿನಿಂದ ಮಾತು ಸುಲಿದ ಸೇಂಗಾದ ಹಾಗೆ ಬಿಡಿಬಿಡಿಯಾಗಿ ಬೀಳುತ್ತಿದೆ, ಅಗಡಿಯ ಗುಡಿ ಮುಂದಿನ ಬಯಲಿನಲ್ಲಿ ಜಮಖಾನೆಯ ಮೇಲೆ ಕೂತ ಮುನ್ನೂರು ಜನ ಒಂದೇ ಸಲ ತಲೆದೂಗಿದರು, ಶ್ರಾವಣದ ಬೆಳಗು, ಮೋಡ ಕವಿದಿದೆ, ಹನಿ ಬಿದ್ದರೆ ಮಶೀನಿಗೆ ಹೊದಿಸಲು ತಾಡಪತ್ರಿ ಕಾಲ ಬಳಿಯೇ ಇದೆ, ಬ್ಯಾಟರಿ ತುಂಬಿದೆ, ಕೆಂಪು ದೀಪ ಉರಿಯುತ್ತಿದೆ, ಮೈಕ್ ಸೆಟ್ಟಿನವನಿಗೆ ಇದಕ್ಕಿಂತ ಹೆಚ್ಚು ಏನು ಬೇಕು. ಒಂದು ತಿಂಗಳ ಪ್ರವಚನ, ಬದುಕಿನ ಅರ್ಥ ಅಂತ ಅದರ ಹೆಸರು, ಬಿಳಿ ಬಟ್ಟೆಯ ಮೇಲೆ ನೀಲಿ ಅಕ್ಷರದಲ್ಲಿ ಬರೆಸಿ ಗುಡಿಯ ಕಂಬಕ್ಕೆ ಕಟ್ಟಿದ್ದಾರೆ, ಇವತ್ತು ಹದಿನೇಳನೆಯ ದಿನ, ಹಿಂದಿನ ಹದಿನಾರು ದಿನ ಏನೇನಾಯಿತು ಅಂತ ಕೇಳಿದರೆ ಕುತುಬುದ್ದೀನ ಬಾಯಿಪಾಠ ಒಪ್ಪಿಸಬಲ್ಲ — ಮೊದಲ ದಿನ ಅಪ್ಪಾರಿಗೆ ಗಂಟಲು ಕಟ್ಟಿತ್ತು, ಐದನೆಯ ದಿನ ಗಾಳಿ ಜೋರಿತ್ತು, ಒಂಬತ್ತನೆಯ ದಿನ ನೀರಿನ ತಂಬಿಗೆ ಮೈಕಿನ ಕಂಬಕ್ಕೆ ತಾಗಿ ಠಣ್ ಅಂದಿತು — ಬದುಕಿನ ಅರ್ಥ ಒಂದನ್ನು ಮಾತ್ರ ಅವನನ್ನು ಕೇಳಬಾರದು. ಮೂವತ್ತು ವರ್ಷವಾಯಿತು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರು ತಾಲೂಕಿನಲ್ಲಿ ಅವನ ಹಾರ್ನು ಹತ್ತದ ಗಿಡವಿಲ್ಲ, ಮೌಲ್ವಿಗಳ ಬಯಾನು, ಸ್ವಾಮಿಗಳ ಪ್ರವಚನ, ಹೊಸರಿತ್ತಿಯಲ್ಲಿ ಖಾದಿಯವರ ಭಾಷಣ, ಮದುವೆ, ಇಲೆಕ್ಷನ್ನು, ನಾಟಕ, ಯಾರು ಏನು ಅಂದರೂ ಅದು ಮೊದಲು ಹಾದುಹೋಗಿದ್ದು ಈ ಎರಡು ಕಿವಿಗಳ ನಡುವೆಯೇ, ನಾನು ಯಾರು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೇನೆ, ಎಲ್ಲ ಹಾದುಹೋಯಿತು, ನಿಲ್ಲಲಿಲ್ಲ, ಕಿವಿಗೆ ಬೇಕಾದದ್ದು ಕುಂಯ್ ಅನ್ನುತ್ತದೋ ಇಲ್ಲವೋ ಅಷ್ಟೇ. ಹೊಸರಿತ್ತಿಯ ಹಿರಿಯ ಮಾಸ್ತರರೊಬ್ಬರು ಒಮ್ಮೆ ಕೈ ಹಿಡಿದು ಕೂರಿಸಿಕೊಂಡಿದ್ದರು, ಕುತುಬಣ್ಣ, ನೀ ದೊಡ್ಡ ಪುಣ್ಯವಂತ ನೋಡಪಾ, ಇಷ್ಟು ಮಂದಿ ತಿಳಿದವರ ಮಾತು ಕೇಳೀದಿ, ಎಲ್ಲಾ ಸೋಸಿ ಒಂದ ಮಾತಿನಾಗ ಹೇಳು, ಏನೈತಿ ಇದರಾಗ — ಅವನು ನಕ್ಕುಬಿಟ್ಟಿದ್ದ, ನಾ ಆವಾಜ್ ಅಷ್ಟ ಕೇಳ್ತೀನ್ರಿ ಸರ, ಮಾತು ನಿಮಗ ಬಿಟ್ಟೀನಿ. ಮಾಸ್ತರರೂ ನಕ್ಕಿದ್ದರು. ಮನೆಗೆ ಬಂದು ಹೆಂಡತಿ ರಮಜಾನಬಿಗೆ ಹೇಳಿದಾಗ ಆಕೆ ನಗಲಿಲ್ಲ, ರೊಟ್ಟಿ ಬಡಿಯುತ್ತಲೇ ಅಂದಳು, ಖರೇನ ಐತಲ್ಲ, ಊರಿಗೆಲ್ಲಾ ಕೇಳಿಸ್ತೀರಿ, ನಿಮಗಷ್ಟ ಕೇಳೂದಿಲ್ಲ.

ಕೇಳುವುದಿಲ್ಲ, ಹೌದು, ಎಣ್ಣೆ ತರಲು ಹೇಳಿದರೆ ಬೆಲ್ಲ ತಂದಿದ್ದಾನೆ, ಅಕ್ಕನ ಮನೆಗೆ ಹೋಗಿ ಬರುತ್ತೇನೆ ಅಂದದ್ದಕ್ಕೆ ಹೂಂ ಅಂದು ಸಂಜೆ ಊರೆಲ್ಲ ಹುಡುಕಿದ್ದಾನೆ, ಅದೆಲ್ಲ ನಗುವ ಮಾತು, ಸಂಸಾರದಲ್ಲಿ ಇದ್ದದ್ದೇ — ಅಪ್ಪಾರ ದನಿ ಸ್ವಲ್ಪ ಇಳಿಯಿತು, ಎಡಗಡೆಯ ಗುಂಡಿ ಮುಂದಕ್ಕೆ, ಸಾಕು — ಆದರೆ ಇವತ್ತು ಬೆಳಿಗ್ಗೆ ಮಗಳು ಸುಗರಾ ಕೇಳಿದ್ದು ಕೇಳಿಸಿತು, ಅದೊಂದು ಕೇಳಿಸದೆ ಹೋಗಿದ್ದರೆ ಚೆನ್ನಾಗಿತ್ತು. ಐದು ಗಂಟೆಗೆ ಎದ್ದು ಚಹಾ ಮಾಡಿಕೊಟ್ಟಳು, ಕಪ್ಪನ್ನು ಎಡಗೈಯಲ್ಲಿ ಹಿಡಿದು ಕೊಟ್ಟಳು, ಅವನಿಗೆ ತಿಳಿದ ಮಟ್ಟಿಗೆ ಮಗಳು ಎಡಚಿಯಲ್ಲ, ಬಲಗೈ ಸೆರಗಿನೊಳಗೆ, ಏನಾಗೈತವ್ವಾ ಕೈಗೆ, ಏನಿಲ್ಲಬ್ಬಾ, ಮೆಣಸಿನಕಾಯಿ ಚೀಲ ಬಿತ್ತು. ಬ್ಯಾಡಗಿಯಲ್ಲಿ ಚೀಲಗಳು ಬೀಳುತ್ತವೆ, ನಿಜ, ಅಳಿಯ ಹಜರತಅಲಿ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಾನೆ, ಆದರೆ ಚೀಲಗಳು ಮನೆಯೊಳಗೆ ಬಂದು ಮೊಣಕೈ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿಸಿ ಹೋಗುವುದಿಲ್ಲ, ನಿನ್ನೆ ರಮಜಾನಬಿಯ ನಲವತ್ತನೆಯ ದಿನದ ಫಾತಿಯಾಕ್ಕೆ ಬಂದವಳು ಪಾತ್ರೆ ತೊಳೆಯುವಾಗ ಸೆರಗು ಜಾರಿತ್ತು, ಅವನು ನೋಡಿದ್ದ, ಅವನು ನೋಡಿದ್ದನ್ನು ಅವಳೂ ನೋಡಿದ್ದಳು. ಚಹಾ ಕುಡಿದು ಸೈಕಲ್ ಹೊರಗೆ ಎಳೆಯುವಾಗ ಹೊಸ್ತಿಲಲ್ಲಿ ನಿಂತಳು, ಒಳಗೆ ಹಜರತಅಲಿ ಇನ್ನೂ ಮಲಗಿದ್ದ, ಅವಳು ದನಿ ತಗ್ಗಿಸಿದಳು, ಅಬ್ಬಾ, ಎಂಟೂವರಿ ಬಸ್ಸಿಗೆ ಹೋಗ್ತೀವಿ, ಒಂದ್ ಮಾತು ಕೇಳ್ತೀನಿ, ಅಮ್ಮಾ ಖರೇನ ಹಂಗ ಅಂದಿದ್ಳೇನು? ಅವನ ಕೈ ಹ್ಯಾಂಡಲಿನ ಮೇಲಿತ್ತು, ಗಂಟೆ ತನ್ನಷ್ಟಕ್ಕೆ ಒಮ್ಮೆ ಟಿಣ್ ಅಂದಿತು, ಅವನು ಅಂದ, ಹೌದವ್ವಾ. ಅವಳು ತಲೆಯಾಡಿಸಿದಳು. ಸರಿ ಅಂದಳು. ಬಾಗಿಲು ಮುಂದೆ ಮಾಡಿಕೊಂಡಳು.

ಹಂಗ ಅಂದಿದ್ಳೇನು — ಯಾರಿಗೆ ಗೊತ್ತು, ದೇವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮೂರು ತಿಂಗಳಿಂದ ರಮಜಾನಬಿ ಹಾಸಿಗೆ ಹಿಡಿದಿದ್ದಳು, ಕಿಟಕಿಯ ಬಳಿ ಮಂಚ, ಮಂಚದ ಬಳಿ ನೆಲದ ಮೇಲೆ ಅವನು, ಎದುರಿಗೆ ಬಿಚ್ಚಿಟ್ಟ ಹಾರ್ನಿನ ಯೂನಿಟ್ಟು, ದೇವರಗುಡ್ಡದಲ್ಲಿ ಮಳೆಗೆ ತೋಯ್ದು ಕೆಟ್ಟದ್ದು, ಸುಗರಾ ನಲ್ಲಿ ಬಂದಿದೆಯೆಂದು ಕೊಡ ತೆಗೆದುಕೊಂಡು ಹೋಗಿದ್ದಳು, ಅದೇ ಹೊತ್ತಿಗೆ ಮೇಲಿನಿಂದ ಮಾತು ಬಂತು. ಬಂತು, ಗಟ್ಟಿಯಾಗಿಯೇ ಬಂತು, ಅದು ಅವನ ಎದೆಯನ್ನು ಇವತ್ತಿಗೂ ಹಿಂಡುತ್ತದೆ, ಆಕೆ ಪಿಸುಗುಟ್ಟಲಿಲ್ಲ, ಇಡೀ ಒಂದು ಮಾತನ್ನು ಮೊದಲಿನಿಂದ ಕೊನೆಯವರೆಗೆ ಆಡಿದಳು, ಅವನ ಕಿವಿ ಏನು ಹಿಡಿಯಿತು, ದನಿಯಲ್ಲಿ ತೂಕ ಹೋಗಿದೆ, ತಳವಿಲ್ಲ, ಬರೀ ಮೇಲಿನ ಸಣ್ಣ ದನಿ ಬರುತ್ತಿದೆ, ಒಡೆದ ಹಾರ್ನಿನ ಹಾಗೆ, ಕಫ ಕಟ್ಟಿರಬೇಕು, ಬಿಸಿನೀರು ಕೊಡಬೇಕು — ಮೂವತ್ತೆರಡು ವರ್ಷ ಜೊತೆಗಿದ್ದವಳು ಕೊನೆಯ ಮಾತಾಡುತ್ತಿದ್ದಾಳೆ, ಇವನು ಒಳಗೊಳಗೇ ಗುಂಡಿ ತಿರುಗಿಸುತ್ತಿದ್ದಾನೆ. ತಿರುಪುಳಿ ಕೆಳಗಿಟ್ಟು ತಲೆ ಎತ್ತಿದ, ಏನಂದಿ? ಆಕೆ ಅವನನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಹೇಳಿದಳು. ಈ ಸಲ ದನಿಯಿಲ್ಲ, ತುಟಿ ಮಾತ್ರ, ಒಣಗಿದ ತುಟಿ, ಎರಡು ಸಲ ಕೂಡಿತು, ಒಮ್ಮೆ ದುಂಡಗಾಯಿತು, ಆಮೇಲೆ ಅರೆ ತೆರೆದು ಹಾಗೇ ನಿಂತಿತು. ಅಷ್ಟೇ. ಉರ್ದುವೋ ಕನ್ನಡವೋ ಅದೂ ಗೊತ್ತಿಲ್ಲ, ಮನೆಯಲ್ಲಿ ಎರಡೂ ನಡೆಯುತ್ತಿತ್ತು, ಪಡಸಾಲೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು. ನಲವತ್ತು ದಿನ ಆ ತುಟಿಗೆ ಮಾತು ಹೊಂದಿಸಿ ನೋಡಿದ್ದಾನೆ, ಸೈಕಲ್ ಮೇಲೆ, ನಮಾಜಿನಲ್ಲಿ, ಗಿಡದ ಮೇಲೆ ಹಗ್ಗ ಬಿಗಿಯುವಾಗ, ನೀರು ಕೇಳಿದಳೋ, ಮಗಳ ಹೆಸರು ಹಿಡಿದಳೋ, ಅಲ್ಲಾನನ್ನು ನೆನೆದಳೋ, ಇಲ್ಲ ಇವನನ್ನೇ ಬೈದಳೋ, ಜಾತ್ರೆಯಲ್ಲಿ ಗೊರವಯ್ಯ ನುಡಿಯುವ ಕಾರ್ಣಿಕದ ಒಂದೇ ಒಂದು ಮಾತಿಗೆ ದೇವರಗುಡ್ಡದ ಜನ ವರ್ಷವಿಡೀ ಅರ್ಥ ಹಚ್ಚುತ್ತಾರೆ, ಅವರಿಗಾದರೂ ಮಾತು ಸಿಕ್ಕಿರುತ್ತದೆ, ಇವನಿಗೆ ಸಿಕ್ಕಿದ್ದು ಬರೀ ತುಟಿ. ಸುಗರಾ ಕೊಡ ಇಳಿಸುವ ಸದ್ದು ಕೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅದನ್ನೇ ಹೇಳಿಬಿಡಬೇಕಿತ್ತು, ನಾ ಕೇಳಿಸಿಕೊಳ್ಳಲಿಲ್ಲ ಅಂತ, ನಾಲಿಗೆಗೆ ಎರಡು ಕ್ಷಣದ ಕೆಲಸ. ಆದರೆ ಮಣ್ಣು ಕೊಟ್ಟು ಬಂದು ಕೂತಾಗ ಮನೆ ತುಂಬ ಹೆಂಗಸರು, ರಮಜಾನಬಿಯ ಅಣ್ಣ ಅಲ್ಲಾಬಕ್ಷ ಗೋಡೆಗೆ ಒರಗಿದ್ದ, ಸುಗರಾ ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡಳು, ನಾ ಇರ್ಲಿಲ್ಲಬ್ಬಾ, ನೀ ಇದ್ದಿ, ಏನ್ ಅಂದ್ಳು ಅಮ್ಮಾ, ನನಗ ಏನರ ಹೇಳಂದ್ಳೇನು? ಹೆಂಗಸರು ಹತ್ತಿರ ಸರಿದರು. ಹೋಗುವವರ ಕೊನೆಯ ಮಾತು ವಸಿಯತ್ತು, ನಡೆಸಲೇಬೇಕಾದ ಮಾತು, ಅದನ್ನು ಮೀರಿದವರನ್ನು ಯಾರೂ ಮೆಚ್ಚುವುದಿಲ್ಲ, ಕಳೆದುಕೊಂಡವನನ್ನು ಏನನ್ನುತ್ತಾರೋ ಅವನಿಗೆ ಗೊತ್ತಿರಲಿಲ್ಲ, ನಾಚಿಕೆ, ಸುಡುಸುಡುವ ನಾಚಿಕೆ, ಹೆಂಡತಿಯ ಕೊನೆಯ ಮಾತು ಕೇಳಿಸಿಕೊಳ್ಳದ ಗಂಡ — ಆಗ ಬಾಯಿ ತನ್ನಷ್ಟಕ್ಕೆ ತೆರೆಯಿತು, ಹೊಂದಿಕೊಂಡು ಬಾಳು ಅಂದ್ಳವ್ವಾ. ಎಲ್ಲಿಂದ ಬಂತು ಆ ಮಾತು, ಅವನದಲ್ಲ, ರಮಜಾನಬಿಯದಂತೂ ಅಲ್ಲವೇ ಅಲ್ಲ, ಮೂವತ್ತು ವರ್ಷ ಎಷ್ಟು ಸ್ವಾಮಿಗಳು ಎಷ್ಟು ಮೌಲ್ವಿಗಳು ಎಷ್ಟು ಮದುವೆಗಳಲ್ಲಿ ಆಶೀರ್ವಾದ ಮಾಡುತ್ತ ಅದನ್ನು ಮೈಕಿನಲ್ಲಿ ಸುರಿದಿದ್ದರೋ, ಏನೂ ನಿಂತಿಲ್ಲ ಅಂದುಕೊಂಡಿದ್ದ ಕಿವಿಯ ತಳದಲ್ಲಿ ಅದೊಂದು ನಿಂತಿತ್ತು, ಹಾರ್ನಿನ ಹಾಗೆ ಹೊರಗೆ ಹಾಕಿಬಿಟ್ಟ. ಹೆಂಗಸರು ಒಟ್ಟಿಗೆ ಅತ್ತರು, ಎಂಥಾ ಮಾತು ಆಡಿ ಹೋದ್ಳು ತಾಯಿ ಅಂದರು, ಅಲ್ಲಾಬಕ್ಷ ಕಣ್ಣೊರೆಸಿಕೊಂಡ, ಸುಗರಾ ಮಾತ್ರ ಅಳಲಿಲ್ಲ, ಅಪ್ಪನ ಮುಖವನ್ನೇ ನೋಡಿದಳು, ಯಾಕೆಂದರೆ ಅವಳಿಗೂ ಗೊತ್ತು, ಅವಳು ಗಂಡನ ಮನೆ ಬಿಟ್ಟು ಬಂದು ಏಳು ತಿಂಗಳಾಗಿತ್ತು, ಕರೆಯಲು ಹಜರತಅಲಿ ಎರಡು ಸಲ ಬಂದಾಗ ಹಾಸಿಗೆಯಿಂದಲೇ ರಮಜಾನಬಿ ಕೂಗಿದ್ದಳು, ನನ್ನ ಮಗಳು ಬರೂದಿಲ್ಲ, ಹೊರಸಿನ ಮ್ಯಾಲಿದ್ರೂ ನಾ ಇನ್ನೂ ಅದೇನಿ. ಅಂಥವಳು ಸಾಯುವಾಗ ಹೀಗೆ ಅಂದಳೇ, ಆದರೆ ಹೇಳುತ್ತಿರುವವನು ಅಪ್ಪ, ಅಪ್ಪ ಸುಳ್ಳು ಹೇಳುವವನಲ್ಲ. ಮೂರನೆಯ ದಿನದ ಜಿಯಾರತ್ ಮುಗಿಯಿತು, ಅವಳು ಹೊಲಿಗೆ ಮಶೀನಿನ ಮೇಲೆ ಬಟ್ಟೆ ಮುಚ್ಚಿದಳು, ಒಪ್ಪಿಕೊಂಡ ಜಂಪರುಗಳನ್ನು ಓಣಿಯವರಿಗೆ ವಾಪಸು ಕೊಟ್ಟು ಬಂದಳು, ಹತ್ತನೆಯ ದಿನ ಹಜರತಅಲಿ ಬಂದ, ಅವಳು ತಾನೇ ಗಂಟು ಕಟ್ಟಿಟ್ಟಿದ್ದಳು. ಆಗಲೂ ಹೇಳಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು ಮನೆಗೆ ಬಂದ.

ಅಪ್ಪಾರು ನೀರು ಕುಡಿದರು, ತಂಬಿಗೆ ಈ ಸಲ ತಾಗಲಿಲ್ಲ, ಒಳ್ಳೆಯದು, ಗುಡಿಯ ಗಡಿಯಾರದಲ್ಲಿ ಏಳಕ್ಕೆ ಐದು ನಿಮಿಷ, ಪ್ರವಚನ ಏಳೂವರೆಗೆ ಮುಗಿಯುತ್ತದೆ, ಹಾರ್ನು ಇಳಿಸಿ ವಾಯರು ಸುತ್ತಿ ಹಾವೇರಿ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಹೋಗಿರಲಿ, ಮುಖ ನೋಡುವ ಪ್ರಸಂಗ ತಪ್ಪುತ್ತದೆ, ಛೀ, ಎಂಥ ಅಪ್ಪ ನೀನು, ಮುಂದಿನ ಸಲ ಯಾವ ಕೈಗೆ ಯಾವ ಚೀಲ ಬೀಳುತ್ತದೋ — ಅಪ್ಪಾರ ದನಿ ಮೃದುವಾಗಿದೆ, ಒಳ್ಳೆಯ ಮನುಷ್ಯ, ದನಿಯಲ್ಲಿ ಕಪಟವಿದ್ದರೆ ಅವನ ಕಿವಿಗೆ ತಿಳಿಯುತ್ತದೆ, ಇಲ್ಲ, ಇದು ಹಾಲಿನಂಥ ದನಿ, ಇವತ್ತು ಗುಂಡಿ ಮುಟ್ಟುವುದೇ ಬೇಕಿಲ್ಲ, ಯಾಕೋ ಜನ ಹಿಂದಕ್ಕೆ ತಿರುಗುತ್ತಿದ್ದಾರೆ, ಮುಂದಿನ ಸಾಲಿನ ಮುದುಕಿ ತಿರುಗಿದಳು, ಅವಳ ಸೊಸೆ ತಿರುಗಿದಳು, ಎಲ್ಲರೂ ಇವನನ್ನೇ ನೋಡುತ್ತಿದ್ದಾರೆ, ಕೈಮುಗಿಯುತ್ತಿದ್ದಾನೆ ಒಬ್ಬ, ಕುಂಯ್ ಅಂದಿತೇ, ಇಲ್ಲವಲ್ಲ, ದೀಪ ಉರಿಯುತ್ತಿದೆ — ಮೂವತ್ತು ವರ್ಷದಲ್ಲಿ ಮೊದಲ ಸಲ ಕುತುಬುದ್ದೀನ ದನಿಯನ್ನು ಬಿಟ್ಟು ಮಾತಿಗೆ ಕಿವಿ ಕೊಟ್ಟ. ಇಲ್ಲೇ ಅದಾರ ನೋಡ್ರಿ, ಅಪ್ಪಾರು ಅನ್ನುತ್ತಿದ್ದರು, ಮಶೀನಿನ ಹಿಂದ ಸುಮ್ಮನ ಕುಂತಾರಲ್ಲ, ನಮ್ಮ ಕುತುಬಣ್ಣ, ಮೊನ್ನೆ ಮೊನ್ನೆ ಅವರ ಮನಿಯವರು ತೀರಿಕೊಂಡರು, ನಿನ್ನೆ ನಲವತ್ತು ದಿನ ಆತು, ಗೋಣೆಪ್ಪನವರು ನನಗ ಹೇಳಿದರು, ಆ ತಾಯಿ ಕಡೀ ಉಸಿರಿನಾಗ ಮಗಳಿಗೆ ಏನ್ ಹೇಳಿದಳಂತ, ಹೊಂದಿಕೊಂಡು ಬಾಳು, ನೋಡ್ರಿ, ನಾ ಹದಿನೇಳು ದಿನ ಬಾಯಿ ನೋಯಿಸಿಕೊಂಡೀನಿ, ಬದುಕಿನ ಅರ್ಥ ಹೇಳಾಕ, ಆಕಿ ಎರಡ ಮಾತಿನಾಗ ಹೇಳಿ ಹೋದಳು, ನೊಗಕ್ಕ ಕಟ್ಟಿದ ಎರಡೆತ್ತು ಹೆಜ್ಜಿಗೆ ಹೆಜ್ಜಿ ಕೂಡಿಸಿ ನಡದಂಗ, ಮಗಳು ಮರುಮಾತಾಡದೇ ಗಂಡನ ಮನಿಗೆ ಹೋದಳಂತ, ಇಂಥಾ ತಾಯಂದಿರು ಇರೂದಕ್ಕ — ಹಾರ್ನಿನಿಂದ ಬರುತ್ತಿದೆ, ತಾನೇ ಕಟ್ಟಿದ ಹಾರ್ನಿನಿಂದ, ತನ್ನದೇ ಸುಳ್ಳು, ಎಷ್ಟು ಸ್ವಚ್ಛವಾಗಿ, ಒಂದಕ್ಷರವೂ ಒಡೆಯದೆ, ಊರ ಆಚೆಯ ಜೋಳದ ಹೊಲದವರೆಗೆ, ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಾರೆ, ಅವರಲ್ಲಿ ಯಾರ ಕೈ ಸೆರಗಿನೊಳಗಿದೆಯೋ, ಯಾರ್ಯಾರು ಇವತ್ತು ಮನೆಗೆ ಹೋಗಿ ಗಂಟು ಕಟ್ಟುತ್ತಾರೋ, ನೊಗದಡಿ ಕುತ್ತಿಗೆ ಕೆತ್ತಿಹೋದ ಎತ್ತನ್ನು ಯಾರೂ ಕೇಳುವುದಿಲ್ಲ, ರಮಜಾನಾ, ನೀ ಹಾಗೆ ಅಂದವಳಲ್ಲ, ನಿನ್ನ ಬಾಯಲ್ಲಿ ಯಾರದೋ ಮಾತು ಇಟ್ಟವನು ನಾನು. ಅವನ ಕೈ ಮೇಲೆದ್ದು ಸ್ವಿಚ್ಚನ್ನು ಕೆಳಗೆ ಒತ್ತಿತು.

ಕೆಂಪು ದೀಪ ಹೋಯಿತು. ಬಯಲಿನಲ್ಲಿ ಒಮ್ಮೆಲೇ ಗುಬ್ಬಿಗಳ ಸದ್ದು ಕೇಳಿಸಿತು, ದೂರದಲ್ಲಿ ಯಾರೋ ಎಮ್ಮೆ ಕರೆಯುವುದು ಕೇಳಿಸಿತು, ಅಪ್ಪಾರಿಗೆ ಇನ್ನೂ ಗೊತ್ತಾಗಿಲ್ಲ, ಮಾತಾಡುತ್ತಲೇ ಇದ್ದಾರೆ, ಹಿಂದಿನವರೆಗೆ ದನಿ ಬರುತ್ತಿಲ್ಲ, ತುಟಿ ಮಾತ್ರ, ಕೂಡುತ್ತಿದೆ, ದುಂಡಗಾಗುತ್ತಿದೆ, ತೆರೆಯುತ್ತಿದೆ, ಅವನು ಕಣ್ಣು ಮುಚ್ಚಿದ, ಮುಚ್ಚಿದರೂ ಅದೇ, ಒಣಗಿದ್ದು, ಕಿಟಕಿಯ ಬೆಳಕಿನಲ್ಲಿ. ಪ್ರವಚನದ ಉಸ್ತುವಾರಿ ಹೊತ್ತ ಗೋಣೆಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದ, ಏನಾತೋ ಕುತುಬಣ್ಣ, ಬ್ಯಾಟರಿ ಇಳೀತೇನು? ಇಲ್ರಿ, ನಾನ ಬಂದ್ ಮಾಡೀನಿ. ಯಾಕೋ ಮಾರಾಯ, ಅಪ್ಪಾರು ನಿನ್ನ ಮನೀ ಮಾತ ಹೇಳಾಕತ್ತಾರ! ಅದಕ್ಕ ಬಂದ್ ಮಾಡೀನ್ರಿ ಗೋಣೆಪ್ಪನವರ, ಆಕಿ ಹಂಗ ಅಂದಿಲ್ಲ, ನಾ ಸುಳ್ಳ ಹೇಳೀನಿ, ಸೆಟ್ಟು ಇಲ್ಲೇ ಇರ್ಲಿ, ಮಳಿ ಬಂದ್ರ ತಾಡಪತ್ರಿ ಹೊದಸ್ರಿ. ಗೋಣೆಪ್ಪ ಸ್ವಿಚ್ಚಿಗೆ ಕೈ ಹಾಕಿದನೋ ಏನೋ, ಹಾರ್ನು ಹಿಂದಿನಿಂದ ಮತ್ತೆ ಮಾತಾಡತೊಡಗಿತು, ಕುತುಬುದ್ದೀನ ತಿರುಗಿ ನೋಡಲಿಲ್ಲ, ಸೈಕಲ್ ಹತ್ತಿದ, ಅಗಡಿಯಿಂದ ಹಾವೇರಿ, ಎದುರುಗಾಳಿ, ಐವತ್ತೆಂಟರ ಮೊಣಕಾಲು, ಏಳು ಗಂಟೆ ದಾಟಿದೆ, ಹೇಗೆ ಹೇಳುವುದು, ಸುಗರಾ, ನಿಮ್ಮಮ್ಮ ಹಾಗನ್ನಲಿಲ್ಲ, ಹಾಗಾದರೆ ಹೇಗಂದಳು ಅಂತ ಕೇಳುತ್ತಾಳೆ, ಕೇಳೇ ಕೇಳುತ್ತಾಳೆ, ಇರು ಅಂದಳು ಅಂತ ಹೇಳಲೇ, ಹೋಗಬೇಡ ಅಂದಳು ಅಂತ ಹೇಳಲೇ, ಒಳ್ಳೆಯ ಸುಳ್ಳು, ಮಗಳು ಉಳಿಯುತ್ತಾಳೆ, ಬೇಡ, ಇನ್ನೊಮ್ಮೆ ಆ ಬಾಯಲ್ಲಿ ನನ್ನ ಮಾತು ಇಡಲಾರೆ, ಸಾಕು, ಇದ್ದದ್ದು ಇದ್ದ ಹಾಗೆ, ಕೇಳಿಸಲಿಲ್ಲ ಅಂತ, ಲಾರಿಯೊಂದು ಮೈಗೆ ತಾಗುವಷ್ಟು ಹತ್ತಿರ ಹಾರನ್ ಹೊಡೆದು ಹೋಯಿತು, ಅದೂ ಕೇಳಿಸಲಿಲ್ಲ, ಗಾಳಿ ಬಡಿದ ಮೇಲೆಯೇ ಗೊತ್ತಾಯಿತು.

ಬಸ್ ನಿಲ್ದಾಣದಲ್ಲಿ ಬ್ಯಾಡಗಿಯ ಬಸ್ಸು ಹೊಗೆ ಕಾರುತ್ತ ನಿಂತಿತ್ತು, ಕಿಟಕಿಯ ಬಳಿ ಸುಗರಾ, ಮಡಿಲಲ್ಲಿ ಗಂಟು, ಬಾಗಿಲ ಬಳಿ ಹಜರತಅಲಿ ಬೀಡಿಯ ಕೊನೆಯ ದಮ್ಮು ಎಳೆಯುತ್ತಿದ್ದ, ಮಾವಾ, ಇಷ್ಟ ಲಗೂ ಬಂದ್ರಿ? ಕುತುಬುದ್ದೀನ ಅವನನ್ನು ದಾಟಿ ಕಿಟಕಿಯ ಕಂಬಿ ಹಿಡಿದ, ಅವ್ವಾ ಸುಗರಾ, ಆದರೆ ಉಸಿರು ಮೇಲೆ ಬಂದಿತ್ತು, ಡ್ರೈವರು ಇಂಜಿನ್ನು ಜೋರು ಮಾಡಿದ, ಕೇಳವಲ್ದಬ್ಬಾ ಅಂದಳು ಮಗಳು, ಕಿವಿಗೆ ಎಡಗೈ ಆನಿಸಿ ಮುಂದಕ್ಕೆ ಬಾಗಿದಳು, ಅವನ ತುಟಿಯನ್ನೇ ನೋಡತೊಡಗಿದಳು — ಲೋಕದವರ ದನಿಯನ್ನೆಲ್ಲ ದೊಡ್ಡದು ಮಾಡಿ ಕೊಟ್ಟವನಿಗೆ ತನ್ನ ದನಿ ಹೊರಗೆ ಹೋಗುತ್ತಿದೆಯೋ ಇಲ್ಲವೋ ತಿಳಿಯದೆ ಹೋಯಿತು, ಇದ್ದಬದ್ದ ಶಕ್ತಿ ಕೂಡಿಸಿ ಕೂಗಿದ, ನಾ ಸುಳ್ಳ ಹೇಳೀನವ್ವಾ, ನಿಮ್ಮಮ್ಮಾ ಹೊಂದ್ಕೋ ಅಂದಿಲ್ಲ, ಆಕಿ ಏನಂದ್ಳೋ ನಾ ಕೇಳಿಸಿಕೊಂಡೇ ಇಲ್ಲ! ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. ಸುಗರಾ ಎಡಗೈಯಲ್ಲಿ ಗಂಟು ಎತ್ತಿಕೊಂಡು ಎದ್ದು ನಿಂತಳು, ಹಜರತಅಲಿ ಏಯ್ ಎಲ್ಲಿ ಹೊಂಟಿ ಅಂದ, ಅವಳು ಅವನ ಪಕ್ಕದಿಂದಲೇ ಇಳಿದು ಬಂದಳು, ನೀವ್ ಹೋಗ್ರಿ, ನಾ ಬರೂದಿಲ್ಲ ಅಂದಳು, ಜೋರಾಗಿ ಅಲ್ಲ, ಆದರೆ ಆ ದನಿಗೆ ತಳವಿತ್ತು, ತೂಕವಿತ್ತು, ಕಂಡಕ್ಟರು ಶಿಳ್ಳೆ ಹೊಡೆದ, ಹಜರತಅಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ಏನೋ ಬೈದ, ಬಸ್ಸು ಅವನನ್ನು ಕರೆದುಕೊಂಡು ಹೋಯಿತು. ಧೂಳು ಕೂತ ಮೇಲೆ ಅಪ್ಪ ಮಗಳು ಇಬ್ಬರೇ, ಅವನು ಅವಳ ಕೈಯಿಂದ ಗಂಟು ತೆಗೆದುಕೊಳ್ಳಲು ಹೋದ, ಅವಳು ಬಿಡಲಿಲ್ಲ, ಗಂಟನ್ನು ಹಿಡಿದುಕೊಂಡೇ ಕೇಳಿದಳು, ಮತ್ತ, ಅಮ್ಮಾ ಏನ್ ಅಂದಿದ್ಳು ಅಬ್ಬಾ? — ಏನಂದಿದ್ದಳು, ಕಿಟಕಿಯ ಬೆಳಕು, ಬಿಚ್ಚಿಟ್ಟ ಹಾರ್ನು, ಕೆಳಗಿಟ್ಟ ತಿರುಪುಳಿ, ತಲೆ ಎತ್ತಿದ, ಆಕೆ ಅವನನ್ನೇ ನೋಡುತ್ತಿದ್ದಳು, ಒಣಗಿದ ತುಟಿ, ಎರಡು ಸಲ ಕೂಡಿತು, ಒಮ್ಮೆ ದುಂಡಗಾಯಿತು, ಅರೆ ತೆರೆದು ಹಾಗೇ —